ಗುಡಿ ನೋಡಿದಿರಿ, ಬಸ್ಸಾರು ಉಂಡಿರಾ?

ಬೇಲೂರು, ಹಳೇಬೀಡು, ಅರಸೀಕೆರೆ ಒಂದೇ ಬಸ್ ಹಾದಿಯ ಮೂರು ಊರುಗಳು. ಅಡುಗೆ ಮಾತ್ರ ಮೂರು ಬಗೆ. ಇಲ್ಲಿನ ಮನೆಗಳಲ್ಲಿ ಕುದಿಯುವ ಸಾರು ಇಲ್ಲಿನ ಹೋಟೆಲುಗಳ ಎಲೆಗೆ ಬರಬೇಕಾದ ಕಾಲ ಇದು.

ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಕಡೆಯ ಜನ ಹೋಟೆಲಿನಲ್ಲಿ ಉಣ್ಣುವುದಕ್ಕೆಂದೇ ಮನೆಯಿಂದ ಹೊರಡುವುದು ಕಡಿಮೆ. ಬೇಲೂರಿನ ತಾಲ್ಲೂಕು ಕಚೇರಿಯಲ್ಲಿ ಕೆಲಸವಿರುತ್ತದೆ, ಕೋರ್ಟಿನಲ್ಲಿ ವಾಯಿದೆ ಇರುತ್ತದೆ, ಹಾಸನದ ಆಸ್ಪತ್ರೆಯಲ್ಲಿ ನೆಂಟರು ಮಲಗಿರುತ್ತಾರೆ, ಅರಸೀಕೆರೆಯಲ್ಲಿ ರೈಲು ಹಿಡಿಯಬೇಕಿರುತ್ತದೆ. ಹೋದ ಕೆಲಸ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಆಗ ಬಸ್ ನಿಲ್ದಾಣದ ಎದುರಿನ ಹೋಟೆಲಿನ ಬೆಂಚು ಬೇಕಾಗುತ್ತದೆ. ಹೊರಗೆ ತಿನ್ನುವುದು ಈ ಸೀಮೆಯಲ್ಲಿ ಹುಟ್ಟಿದ್ದು ಹೀಗೆ, ದಣಿದವರ ಹಸಿವಿನಿಂದ. ಅದಕ್ಕೇ ಸಣ್ಣ ಊರಿನ ಹೋಟೆಲನ್ನು ರುಚಿಯಿಂದ ಮಾತ್ರ ಅಳೆಯಲು ಬಾರದು. ಹಳ್ಳಿಯಿಂದ ಬಂದವನು ಕೈಕಾಲು ತೊಳೆದು ಚೀಲ ಕೆಳಗಿಟ್ಟು ಕೂರುವ ಜಾಗ ಅದು. ವಕೀಲರು ಸಿಗದಿದ್ದರೆ ಕಾಯುವುದು ಅಲ್ಲಿ. ಹುಡುಗಿ ನೋಡಲು ಬಂದವರು ಮೊದಲು ಮಾತಾಡಿಕೊಳ್ಳುವುದೂ ಅಲ್ಲೇ.

ಹಾದಿಯುದ್ದಕ್ಕೂ ಬದಲಾಗುವ ತಟ್ಟೆ

ಬೇಲೂರು ತಾಲ್ಲೂಕಿಗೆ ಎರಡು ಮುಖಗಳಿವೆ. ಪಶ್ಚಿಮದ ಅರೇಹಳ್ಳಿ, ಬಿಕ್ಕೋಡು ಹೋಬಳಿಗಳದು ಮಲೆನಾಡಿನ ಮುಖ. ಅಲ್ಲಿ ಕಾಫಿ ಇದೆ, ಮೆಣಸು ಇದೆ, ಬಿಡದೆ ಹೊಯ್ಯುವ ಮಳೆ ಇದೆ. ಪೂರ್ವದ ಹಳೇಬೀಡು, ಮಾದಿಹಳ್ಳಿ ಹೋಬಳಿಗಳದು ಬಯಲುಸೀಮೆಯ ಮುಖ. ಇಲ್ಲಿ ರಾಗಿ, ಜೋಳ, ಆಲೂಗಡ್ಡೆ ಬೆಳೆಯುತ್ತಾರೆ ಮತ್ತು ಮಳೆಗಾಗಿ ಕಾಯುತ್ತಾರೆ. ರಣಘಟ್ಟ ಯೋಜನೆಯ ನೀರಿಗಾಗಿ ಹಳೇಬೀಡು, ಮಾದಿಹಳ್ಳಿ ಹೋಬಳಿಗಳ ರೈತರು ವರ್ಷಗಟ್ಟಲೆ ಹೋರಾಡಿದ್ದು ಈ ಕಾಯುವಿಕೆಯ ಕಷ್ಟದಿಂದಲೇ. ಜಾವಗಲ್ ದಾಟಿ ಅರಸೀಕೆರೆಯತ್ತ ಹೋದರೆ ತೆಂಗಿನ ತೋಟಗಳು ಶುರುವಾಗುತ್ತವೆ, ಕೊಬ್ಬರಿಯ ಲೆಕ್ಕ ಶುರುವಾಗುತ್ತದೆ.

ನೆಲ ಬದಲಾದಂತೆ ಮನೆಯ ತಟ್ಟೆಯೂ ಬದಲಾಗುತ್ತದೆ. ಮಲೆನಾಡಿನ ಕಡೆ ಬೆಳಗ್ಗೆ ಅಕ್ಕಿರೊಟ್ಟಿ, ಹಬ್ಬಕ್ಕೆ ಕಡುಬು, ಮಳೆಗಾಲದಲ್ಲಿ ಕಳಲೆ. ಹಳೇಬೀಡು, ಮಾದಿಹಳ್ಳಿ ಕಡೆ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಉಪ್ಸಾರು, ಮಸ್ಸೊಪ್ಪು. ಚಳಿ ಬಿದ್ದು ಸೊಗಡಿನ ಅವರೆ ಬಂದರೆ ಮನೆಮನೆಯಲ್ಲೂ ಹಿತಕಿದ ಬೇಳೆಯ ಸಾರು. ಅರಸೀಕೆರೆಯ ಕಡೆ ಕಾಯಿ ಧಾರಾಳ, ಸಾರಿಗೂ ಚಟ್ನಿಗೂ ಕೈ ಹಿಡಿಯುವುದಿಲ್ಲ. ಎರಡು ಗಂಟೆಯ ಬಸ್ ಪ್ರಯಾಣದೊಳಗೆ ಮೂರು ಅಡುಗೆಗಳನ್ನು ದಾಟಿಬಿಡಬಹುದಾದ ಇಂಥ ಹಾದಿಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ.

ಆದರೆ ಅದೇ ಹಾದಿಯ ಹೋಟೆಲುಗಳಿಗೆ ಹೋಗಿ ಕೂತರೆ ಮೂರೂ ಊರುಗಳಲ್ಲಿ ಹೆಚ್ಚುಕಡಿಮೆ ಒಂದೇ ಪಟ್ಟಿ ಕಿವಿಗೆ ಬೀಳುತ್ತದೆ. ಇಡ್ಲಿ, ವಡೆ, ಸೆಟ್ ದೋಸೆ, ಮಸಾಲೆ ದೋಸೆ, ಪೂರಿ, ರೈಸ್‌ಬಾತ್, ಮಧ್ಯಾಹ್ನಕ್ಕೆ ಅನ್ನ ಸಾಂಬಾರು.

ಬೆಳಗಿನ ಹೋಟೆಲು

ಇದರಲ್ಲಿ ದೂರುವಂಥದ್ದೇನಿಲ್ಲ. ಬೆಳಗಿನ ಸಣ್ಣ ಹೋಟೆಲಿನಷ್ಟು ಜೀವ ತುಂಬಿದ ಜಾಗ ಊರಿನಲ್ಲಿ ಇನ್ನೊಂದಿಲ್ಲ. ಮೊದಲ ಬಸ್ಸಿಗೂ ಮುಂಚೆ ಒಲೆ ಹೊತ್ತುತ್ತದೆ. ಹಾಲು ಹಾಕಿ ಬಂದವರು, ಸೊಪ್ಪು ಮಾರಲು ಬಂದವರು, ಡ್ಯೂಟಿಗೆ ಹೊರಟ ಕಂಡಕ್ಟರು, ತೋಟದ ಕೆಲಸಕ್ಕೆ ಹೊರಟ ಆಳುಗಳು ಒಬ್ಬರ ಪಕ್ಕ ಒಬ್ಬರು ನಿಂತು ಕುಡಿಯುತ್ತಾರೆ. “ಅಣ್ಣಾ, ಒಂದು ಬೈಟು” ಎಂದರೆ ಒಂದು ಕಾಫಿ ಎರಡು ಲೋಟವಾಗಿ ಬರುತ್ತದೆ. ಜೊತೆಗಿದ್ದವನನ್ನು ಬಿಟ್ಟು ಒಬ್ಬನೇ ಕುಡಿಯಬಾರದು ಎಂಬ ಮರ್ಯಾದೆ ಅದರಲ್ಲಿದೆ. ನಾಲ್ಕು ದಿನ ಕಾಣಿಸದಿದ್ದರೆ ಗಲ್ಲಾದಲ್ಲಿ ಕೂತವರು “ಎಲ್ಲಿ, ಊರಲ್ಲಿರಲಿಲ್ವಾ?” ಎಂದು ಕೇಳುತ್ತಾರೆ. ದೊಡ್ಡ ನಗರದಲ್ಲಿ ಬಾಡಿಗೆ ಮನೆ ಹಿಡಿದು ಬದುಕುವ ನಮ್ಮ ಮಕ್ಕಳಿಗೆ ಈ ಪ್ರಶ್ನೆ ಕೇಳುವವರು ಸಿಗುವುದು ಕಷ್ಟ.

ಸುತ್ತಲಿನ ಹೊಲ ತೋಟದ ಸುಖದುಃಖ ಈ ಹೋಟೆಲಿಗೆ ನೇರವಾಗಿ ತಟ್ಟುತ್ತದೆ. ಅಂಗಮಾರಿ ಬಿದ್ದು ಆಲೂಗಡ್ಡೆ ಹೋದ ವರ್ಷ ಗಿರಾಕಿ ದೋಸೆ ಬಿಟ್ಟು ಬರೀ ಕಾಫಿಗೆ ಇಳಿಯುತ್ತಾನೆ. 2025ರಲ್ಲಿ ತೆಂಗಿನಕಾಯಿ, ಕೊಬ್ಬರಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಬೆಳೆಗಾರ ಉಸಿರಾಡಿದ, ಹೋಟೆಲಿನವರ ಚಟ್ನಿಗೆ ಹುರಿಗಡಲೆ ಹೆಚ್ಚಾಯಿತು. ಕಾಫಿ ಬೆಲೆ ಏರಿದಾಗಲೂ ಹಾಗೆಯೇ. ಪಶ್ಚಿಮದ ತೋಟದವರಿಗೆ ಅದು ಒಳ್ಳೆಯ ಸುದ್ದಿ, ಲೋಟಕ್ಕೆ ಎರಡು ರೂಪಾಯಿ ಏರಿಸಲೂ ಹಿಂಜರಿಯುವ ಹೋಟೆಲಿನವರಿಗೆ ಸಂಕಟ. ಗಿರಾಕಿಯೂ ಬೆಳೆಗಾರನೂ ಒಬ್ಬನೇ ಆಗಿರುವ ಊರಿನಲ್ಲಿ ದರಪಟ್ಟಿ ತಿದ್ದುವುದು ಸುಲಭವಲ್ಲ.

ಅರಸೀಕೆರೆಯದು ಸ್ವಲ್ಪ ಬೇರೆ ಕಥೆ. ಬೆಂಗಳೂರು–ಹುಬ್ಬಳ್ಳಿ ಹಳಿಗೆ ಹಾಸನ, ಮೈಸೂರು ಕಡೆಯ ಹಳಿ ಬಂದು ಸೇರುವ ಜಂಕ್ಷನ್ ಅದು. ರೈಲು ಬದಲಿಸುವವರು ಗಂಟೆಗಟ್ಟಲೆ ಕಾಯಬೇಕಾದ ಊರಿನಲ್ಲಿ ತಿಂಡಿಯ ವ್ಯಾಪಾರ ತಾನಾಗಿ ಬೆಳೆಯುತ್ತದೆ. ಊರೊಳಗೆ ಹಾದುಹೋಗುವ ಬಿ.ಎಚ್. ರಸ್ತೆ ಲಾರಿಯವರನ್ನೂ ತಂದಿತು. ಹೀಗಾಗಿ ಅರಸೀಕೆರೆಗೆ ರಾತ್ರಿ ಊಟದ ಅಭ್ಯಾಸವಿದೆ. ಬೇಲೂರು, ಹಳೇಬೀಡಿನಲ್ಲಿ ಕೊನೆಯ ಬಸ್ಸುಗಳು ಹೋದ ಮೇಲೆ ಬೇಗ ಬಾಗಿಲು ಎಳೆಯುತ್ತಾರೆ.

ಒಂದೇ ಬೆಂಚಿಗೆ ಬಂದ ದಾರಿ

ಈ ಬೆಂಚು ಎಲ್ಲರದಾಗಲು ಬಹಳ ಕಾಲ ಹಿಡಿಯಿತು ಎಂಬುದನ್ನು ಮರೆಯಬಾರದು. ಹಿಂದೆ ಊರೂರುಗಳಲ್ಲಿ ‘ಬ್ರಾಹ್ಮಣರ ಕಾಫಿ ಕ್ಲಬ್ಬು’ಗಳಿದ್ದವು. ಯಾರು ಒಳಗೆ ಕೂರಬೇಕು, ಯಾರು ಹೊರಗೆ ನಿಂತು ಕುಡಿಯಬೇಕು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಹಳ್ಳಿಯ ಚಹಾ ಅಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದರು, ಕುಡಿದವರೇ ತೊಳೆದು ಇಡಬೇಕಿತ್ತು. ನಮ್ಮ ಸಂವಿಧಾನ ಬರೆದವರಿಗೆ ಇದು ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲು, ಊಟದ ಮನೆಗಳನ್ನು ಹೆಸರಿಸಿಯೇ ಯಾರಿಗೂ ಪ್ರವೇಶ ತಡೆಯಬಾರದೆಂದು ಬರೆದರು. ಅಸ್ಪೃಶ್ಯತೆಯ ವಿರುದ್ಧದ 1955ರ ಕಾಯ್ದೆ ಹಾಗೆ ತಡೆಯುವುದನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಕಾನೂನು ಬಂದ ಎಷ್ಟೋ ವರ್ಷಗಳ ಮೇಲೆ ಲೋಟ ಒಂದಾಯಿತು. ಇನ್ನೂ ಆಗದ ಕಡೆಯ ಸುದ್ದಿಗಳು ಈಗಲೂ ಪತ್ರಿಕೆಗಳಲ್ಲಿ ಬರುತ್ತವೆ, ಓದಿದಾಗ ನೋವಾಗುತ್ತದೆ.

ಹೆಂಗಸರ ದಾರಿಯೂ ಉದ್ದವೇ ಇತ್ತು. ಹೋಟೆಲಿನ ಹಿಂದುಗಡೆ ಪರದೆ ಬಿಟ್ಟ ‘ಫ್ಯಾಮಿಲಿ ರೂಂ’ ಬಿಟ್ಟು ಬೇರೆ ಕಡೆ ಕೂರಲು ನಮ್ಮ ತಾಯಂದಿರು ಮುಜುಗರಪಡುತ್ತಿದ್ದರು, ಗಂಡಸರಿಲ್ಲದೆ ಒಳಗೆ ಹೋಗುತ್ತಲೇ ಇರಲಿಲ್ಲ. ಈಗ ಕಾಲೇಜು ಹುಡುಗಿಯರು ನಡುವಿನ ಮೇಜಿನಲ್ಲೇ ಕೂತು ದೋಸೆ ತರಿಸಿಕೊಳ್ಳುತ್ತಾರೆ. 2023ರ ಜೂನ್ 11ರಂದು ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ ಬಂದ ಮೇಲೆ ಹೆಂಗಸರು ತಾವೇ ಗುಂಪು ಕಟ್ಟಿಕೊಂಡು ಬೇಲೂರು, ಹಳೇಬೀಡಿಗೆ ಬರುತ್ತಾರೆ. ಬಸ್ಸಿಗೆ ಉಳಿದ ದುಡ್ಡಿನಲ್ಲಿ ತಮಗೆ ಬೇಕಾದದ್ದನ್ನು ತಾವೇ ಹೇಳಿ ತಿನ್ನುವ ಆ ಸಂತೋಷವನ್ನು ಚಿಕ್ಕದೆಂದು ಯಾರೂ ಎಣಿಸಬಾರದು.

ಊರಿಗೆಲ್ಲ ಉಣಿಸಿದ ಜಿಲ್ಲೆ

ಹಾಸನ ಜಿಲ್ಲೆಯವರಿಗೆ ಹೊರಗಿನವರಿಗೆ ತಿನ್ನಿಸುವ ಕೈಗುಣ ಇಲ್ಲವೆಂದಲ್ಲ. ಬೆಂಗಳೂರಿನ ಬೀದಿಬೀದಿಗಳಲ್ಲಿರುವ ಅಯ್ಯಂಗಾರ್ ಬೇಕರಿಗಳ ಮೂಲ ಇದೇ ಜಿಲ್ಲೆ. ಹಾಸನದ ಕಡೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಆರಂಭಿಸಿದ ಬೆಂಗಳೂರು ಬ್ರದರ್ಸ್ ಬೇಕರಿ ಆ ಪರಂಪರೆಗೆ ಮೊದಲ ಒಲೆ ಹಚ್ಚಿತು. ಆಮೇಲೆ ಒಬ್ಬರ ಹಿಂದೆ ಒಬ್ಬರು ಈ ಜಿಲ್ಲೆಯ ಹಳ್ಳಿಗಳಿಂದ ಹೋಗಿ ಕೆಲಸ ಕಲಿತು ತಮ್ಮದೇ ಅಂಗಡಿ ಹಾಕಿದರು. ಖಾರ ಬನ್ನು, ಬೆಣ್ಣೆ ಬಿಸ್ಕತ್ತು, ಆಲೂಗಡ್ಡೆ ಪಲ್ಯ ತುಂಬಿದ ಬನ್ನು ಕರ್ನಾಟಕದ ಸಂಜೆಯ ತಿಂಡಿಗಳಾದವು. ಹೊರಗಿನಿಂದ ಬಂದ ಬ್ರೆಡ್ಡಿಗೆ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಬೆರೆಸಿ ನಮ್ಮದಾಗಿಸಿಕೊಂಡ ಜನ ತಮ್ಮ ಮನೆಯ ಸಾರನ್ನು ಮಾತ್ರ ಮನೆಯಲ್ಲೇ ಬಿಟ್ಟರು.

ಬಸ್ಸಾರು ಹೋಟೆಲಿಗೆ ಬಾರದಿರಲು ಕಾರಣಗಳಿವೆ. ಹುರುಳಿಯನ್ನೋ ಅಲಸಂದೆಯನ್ನೋ ಸೊಪ್ಪಿನ ಜೊತೆ ಬೇಯಿಸಿ ಕಟ್ಟು ಬಸಿಯಬೇಕು. ಕೆಂಡದಲ್ಲೋ ಬಾಣಲೆಯಲ್ಲೋ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ಕಾಯಿಗೆ ಬೆಂದ ಕಾಳು ಸೊಪ್ಪು ಒಂದು ಹಿಡಿ ಸೇರಿಸಿ ರುಬ್ಬಬೇಕು. ಕಟ್ಟು ಸಾರಾಗುತ್ತದೆ, ಬಸಿದ ಕಾಳು ಪಲ್ಯವಾಗುತ್ತದೆ. ಒಂದು ಪಾತ್ರೆಯಿಂದ ಎರಡು ಪದಾರ್ಥ ತೆಗೆಯುವ, ಹನಿಯನ್ನೂ ಚೆಲ್ಲದ ಈ ಅಡುಗೆಯಲ್ಲಿ ಬಯಲುಸೀಮೆಯ ಬಡತನವೂ ಇದೆ, ಬುದ್ಧಿಯೂ ಇದೆ. ಆದರೆ ಸೊಪ್ಪು ಬಿಡಿಸಲು ಕೈಗಳು ಬೇಕು. ಅನ್ನವನ್ನು ಮಾಡಿಟ್ಟು ಮೂರು ಗಂಟೆ ಬಡಿಸಬಹುದು, ಮುದ್ದೆ ಬಿಸಿಯಲ್ಲೇ ಎಲೆಗೆ ಬೀಳಬೇಕು. ಮನೆಯಲ್ಲಿ ದಿನಾ ತಿನ್ನುವುದಕ್ಕೆ ಹೋಟೆಲಿನಲ್ಲಿ ದುಡ್ಡು ಯಾಕೆ ಕೊಡಬೇಕು ಎಂಬ ಲೆಕ್ಕವೂ ಇತ್ತು. ಎಲ್ಲಕ್ಕಿಂತ ಆಳದಲ್ಲಿ ಒಂದು ಕೀಳರಿಮೆ ಇತ್ತು. ಮುದ್ದೆ ಬಡವರ ಊಟ, ನೆಂಟರಿಗೆ ಅನ್ನ ಬಡಿಸಬೇಕು ಎಂದೇ ನಮಗೆ ಹೇಳಿಕೊಟ್ಟಿದ್ದರು. ಮಾಂಸದೂಟದ ಮಿಲಿಟರಿ ಹೋಟೆಲುಗಳು ಮುದ್ದೆಯನ್ನೂ ನಾಟಿಕೋಳಿ ಸಾರನ್ನೂ ಕೈಬಿಡಲಿಲ್ಲ, ಅದಕ್ಕೆ ಅವರಿಗೆ ಋಣಿಗಳಾಗಿರಬೇಕು. ಸೊಪ್ಪು ಕಾಳಿನ ಅಡುಗೆಗೆ ಮಾತ್ರ ಅಂಥ ಆಸರೆ ಸಿಗಲಿಲ್ಲ.

ಸಂಜೆಯ ಗಾಡಿಗಳಲ್ಲಿ ಆ ಜಾಗವನ್ನು ಗೋಬಿ ಮಂಚೂರಿ ತುಂಬಿತು. ಅದಕ್ಕೆ ಹಾಕುತ್ತಿದ್ದ ಕೆಂಪು ಬಣ್ಣ ಆರೋಗ್ಯಕ್ಕೆ ಕೆಟ್ಟದ್ದೆಂದು 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಿಷೇಧಿಸಬೇಕಾಯಿತು. ಆಲೂಗಡ್ಡೆಯ ಜಿಲ್ಲೆಯಲ್ಲಿ, ಅವರೆಯ ಹಂಗಾಮಿನಲ್ಲಿ, ನಮ್ಮ ಮಕ್ಕಳು ಬಣ್ಣ ಹಾಕಿದ ಹೂಕೋಸನ್ನು ಹುಡುಕಿಕೊಂಡು ಹೋಗುವುದು ಮನಸ್ಸಿಗೆ ಹಿತವಲ್ಲ.

ಎರಡು ಗಂಟೆಯ ಅತಿಥಿಗಳು

2023ರ ಸೆಪ್ಟೆಂಬರ್‌ನಲ್ಲಿ ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಸೋಮನಾಥಪುರದ ಕೇಶವ ದೇವಾಲಯಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ವರ್ಷವೇ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೂ ಆಗಿತ್ತು. ನಮ್ಮ ಕಲ್ಲಿಗೂ ನಮ್ಮ ರಾಗಿಗೂ ಲೋಕ ಒಟ್ಟಿಗೇ ಮರ್ಯಾದೆ ಕೊಟ್ಟ ವರ್ಷ ಅದು. ಆದರೂ ಎರಡನ್ನೂ ಒಂದೇ ಊರಿನಲ್ಲಿ ಬಡಿಸುವ ಕೆಲಸ ಆಗಲಿಲ್ಲ.

ಪ್ರವಾಸಿಗರು ಬೆಂಗಳೂರಿನಿಂದ ಬೆಳಗ್ಗೆ ಹೊರಟು, ಬೇಲೂರು ನೋಡಿ, 16 ಕಿಲೋಮೀಟರ್ ದೂರದ ಹಳೇಬೀಡು ನೋಡಿ, ಚಿಕ್ಕಮಗಳೂರಿನ ಹೋಂಸ್ಟೇಗೆ ಹೋಗಿ ಮಲಗುತ್ತಾರೆ. ಪ್ರವಾಸೋದ್ಯಮ ನಿಗಮದ ಮಯೂರ ವೇಲಾಪುರಿ ಬೇಲೂರಿನಲ್ಲಿದೆ, ಮಯೂರ ಶಾಂತಲಾ ಹಳೇಬೀಡಿನಲ್ಲಿದೆ. ಖಾಸಗಿ ವಸತಿಗೃಹಗಳೂ ಇವೆ. ಆದರೂ ಹಳೇಬೀಡಿನಲ್ಲಿ ರಾತ್ರಿ ಉಳಿಯುವವರು ಕಡಿಮೆ. ಉಳಿದವರಿಗೆ ಏನು ಸಿಗುತ್ತದೆಂಬುದು ಹೋದವರಿಗೆ ತಿಳಿಯುವುದೂ ಇಲ್ಲ. ಇಳಿಬಿಸಿಲಿನಲ್ಲಿ ದ್ವಾರಸಮುದ್ರ ಕೆರೆಯ ಏರಿ, ಬಸದಿಹಳ್ಳಿಯ ಜೈನ ಬಸದಿಗಳು, ಹುಲಿಕೆರೆಯ ಕಲ್ಯಾಣಿ, ಪುಷ್ಪಗಿರಿಯ ಗಾಳಿ. ಅರಸೀಕೆರೆಯ ದಾರಿಯಲ್ಲಿ ಜಾವಗಲ್, ಹಾರನಹಳ್ಳಿಯ ಗುಡಿಗಳು, ಅರಸೀಕೆರೆಯಲ್ಲಿ 1220ರ ಈಶ್ವರ ದೇವಾಲಯ. ಇವನ್ನೆಲ್ಲ ಎರಡು ಗಂಟೆಯಲ್ಲಿ ನೋಡಲಾಗದು. ಹೊತ್ತಿಗೆ ಸರಿಯಾಗಿ ಒಳ್ಳೆಯ ಊಟ ಸಿಕ್ಕರೆ ಮಾತ್ರ ಪ್ರವಾಸಿ ಒಂದು ದಿನ ಹೆಚ್ಚು ನಿಲ್ಲುತ್ತಾನೆ.

ಬಂದವರಿಗೆ ಉಣಿಸುವುದು ಈ ನೆಲಕ್ಕೆ ಹೊಸದೂ ಅಲ್ಲ. 1133ರಲ್ಲಿ ಹೊಯ್ಸಳ ದಂಡನಾಯಕ ಗಂಗರಾಜನ ಮಗ ಬೊಪ್ಪ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ ಕಾಲದ ಶಾಸನಗಳಲ್ಲಿ ದೇವರ ಪೂಜೆಯ ಜೊತೆಗೇ ಆಹಾರದಾನಕ್ಕೂ ಭೂಮಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಗುಡಿ ಕಟ್ಟಿದವರು ಊಟದ ಏರ್ಪಾಡನ್ನೂ ಕಲ್ಲಿನಲ್ಲಿ ಬರೆಸಿದ್ದರು.

ಎಲೆಗೆ ಬರಲಿ ಮನೆಯಡುಗೆ

ದಾರಿ ಹೊಸದಾಗಿ ಹುಡುಕಬೇಕಿಲ್ಲ. ಹುಬ್ಬಳ್ಳಿ, ಧಾರವಾಡದ ಖಾನಾವಳಿಗಳು ಜೋಳದ ರೊಟ್ಟಿ, ಎಣ್ಣೆಗಾಯಿ, ಚಟ್ನಿಪುಡಿಯನ್ನು ನಾಚಿಕೆಯಿಲ್ಲದೆ ಬಡಿಸಿದವು. ಇಂದು ಬೆಂಗಳೂರಿನ ಬಡಾವಣೆಗಳಲ್ಲೂ ಅವುಗಳ ಬೋರ್ಡು ಕಾಣುತ್ತದೆ. ಮೇಲುಕೋಟೆಗೆ ಹೋದವರು ಪುಳಿಯೋಗರೆ ಕೇಳುತ್ತಾರೆ, ದಾವಣಗೆರೆಗೆ ಹೋದವರು ಬೆಣ್ಣೆ ದೋಸೆ ಕೇಳುತ್ತಾರೆ. ಹಳೇಬೀಡಿಗೆ ಹೋದವರು ಬಸ್ಸಾರು ಮುದ್ದೆ ಕೇಳುವಂತೆ ಆಗುವುದಕ್ಕೆ ಬೇಕಾದ ಕೈಗಳು ಇಲ್ಲೇ ಇವೆ. ಪ್ರತಿ ಹಳ್ಳಿಯ ಶಾಲೆಯಲ್ಲೂ ಅಕ್ಷರ ದಾಸೋಹದ ಅಡುಗೆಯವರು ಒಂದೇ ಹೊತ್ತಿಗೆ ಹತ್ತಾರು ಮಕ್ಕಳಿಗೆ ಬೇಯಿಸುತ್ತಿದ್ದಾರೆ. ಸ್ತ್ರೀಶಕ್ತಿ ಸಂಘಗಳಿಗೆ ಸಾಲ, ಲೆಕ್ಕ, ಜವಾಬ್ದಾರಿ ಗೊತ್ತಿದೆ. ದೇವಾಲಯದ ದಾರಿಯಲ್ಲಿ ಅವರಿಗೊಂದು ಶುಚಿಯಾದ ಅಡುಗೆಮನೆ, ನೀರು, ನೆರಳು, ಹತ್ತು ಬೆಂಚು ಕೊಡುವುದು ಪಂಚಾಯಿತಿಗೂ ಪ್ರವಾಸೋದ್ಯಮ ಇಲಾಖೆಗೂ ಭಾರದ ಕೆಲಸವಲ್ಲ. ರಾಗಿ, ಹುರುಳಿ, ಸೊಪ್ಪು ಮಾದಿಹಳ್ಳಿ ಹೋಬಳಿಯ ಹೊಲದಿಂದ ಬರಲಿ, ಕಾಯಿ ಅರಸೀಕೆರೆಯಿಂದ ಬರಲಿ, ಊಟದ ಮೇಲಿನ ಕಾಫಿಗೆ ಬೀಜ ಅರೇಹಳ್ಳಿಯ ತೋಟದಿಂದ ಬರಲಿ. ಪ್ರವಾಸಿಯ ದುಡ್ಡು ಆಗ ಗುಡಿಯ ಬಾಗಿಲಲ್ಲೇ ನಿಲ್ಲದೆ ರೈತರ ಮನೆಗೆ ಹೋಗುತ್ತದೆ.

ಅದಕ್ಕೂ ಮೊದಲು ನಾವು ಮಾಡಬಹುದಾದ ಕೆಲಸವೊಂದಿದೆ. ಬೆಂಗಳೂರಿನಿಂದ ಗೆಳೆಯರು ಗುಡಿ ನೋಡಲು ಬಂದಾಗ ಅವರಿಗೆ ಪನೀರು, ನಾನ್ ಎಲ್ಲಿ ಸಿಗುತ್ತದೆಂದು ಹುಡುಕುವುದನ್ನು ಬಿಟ್ಟು ಮನೆಗೇ ಕರೆದು ಮುದ್ದೆ ಬಡಿಸೋಣ. ಹೋಟೆಲಿಗೆ ಹೋದಾಗ ಬಸ್ಸಾರು ಇದೆಯಾ ಎಂದು ಕೇಳೋಣ. ಇಲ್ಲವೆಂದರೂ ಮುಂದಿನ ಸಲ ಮತ್ತೆ ಕೇಳೋಣ. ಹೋಟೆಲಿನವರು ಗಿರಾಕಿ ಕೇಳಿದ್ದನ್ನೇ ಮಾಡುತ್ತಾರೆ. ಇಷ್ಟು ವರ್ಷ ನಾವು ಕೇಳಿಲ್ಲ.