ಸಾರ್ವತ್ರಿಕ ಮೂಲ ಆದಾಯವೂ ಮನೆಬಾಡಿಗೆಯೂ: ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳನ್ನು ಕುರಿತು ಒಂದು ವಿವೇಚನೆ

ಪ್ರಜೆಗಳೆಲ್ಲರಿಗೂ ಯಾವ ನಿಬಂಧನೆಯೂ ಇಲ್ಲದೆ ಸರಕಾರವು ತಿಂಗಳು ತಿಂಗಳೂ ನಿಯತವಾದೊಂದು ಮೊತ್ತವನ್ನು ಕೊಡಬೇಕೆಂಬ ವಾದಕ್ಕೆ ಸಾರ್ವತ್ರಿಕ ಮೂಲ ಆದಾಯದ ವಾದವೆಂದು ಹೆಸರು. ಇದರ ವಿರುದ್ಧ ಎತ್ತಲಾಗುವ ಆಕ್ಷೇಪಗಳಲ್ಲಿ ಒಂದು ಮಾತ್ರ ಇಲ್ಲಿ ನಮ್ಮ ವಿಚಾರಕ್ಕೆ ವಸ್ತು: ಬಡವನ ಕೈಸೇರಿದ ಹಣ ಅಲ್ಲಿ ನಿಲ್ಲದು, ಮನೆಯೊಡೆಯನು ಬಾಡಿಗೆಯನ್ನೇರಿಸಿ ಅದನ್ನು ತನ್ನದಾಗಿಸಿಕೊಳ್ಳುವನು ಎಂಬುದು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದು ಆಯಾ ಸೀಮೆಯ ಭೂಮಿಯ ಹಕ್ಕನ್ನೂ ಮನೆ ಕಟ್ಟುವ ಸೌಕರ್ಯವನ್ನೂ ಅವಲಂಬಿಸಿದೆ. ಆದುದರಿಂದ ಉಡುಪಿ ಜಿಲ್ಲೆಯ ಈ ಮೂರು ತಾಲ್ಲೂಕುಗಳನ್ನೇ ಎತ್ತಿಕೊಂಡು ನೋಡುವೆವು.

ಇಲ್ಲಿನ ಹಿಂದಿನ ಗೇಣಿಪದ್ಧತಿಯನ್ನು ಬಲ್ಲವರಿಗೆ ಪ್ರಶ್ನೆಯ ತಿರುಳು ಹೊಸದಲ್ಲ. ಮೂಲಗೇಣಿ ಒಕ್ಕಲಿನ ಗೇಣಿಯು ಶಾಶ್ವತವಾಗಿ ಗೊತ್ತುಪಡಿಸಿದ್ದು. ಗದ್ದೆಯಲ್ಲಿ ಹತ್ತು ಮುಡಿ ಹೆಚ್ಚು ಬೆಳೆದರೆ ಹತ್ತೂ ಅವನಿಗೇ. ಚಾಲಗೇಣಿ ಒಕ್ಕಲನ್ನಾದರೋ ಒಡೆಯನು ಎಬ್ಬಿಸಬಹುದಾಗಿತ್ತು, ಗೇಣಿಯನ್ನು ಏರಿಸಲೂಬಹುದಾಗಿತ್ತು. ಹೆಚ್ಚು ಬೆಳೆದುದು ಒಡೆಯನ ಕಣಜ ಸೇರುವ ಭಯ ಅವನಿಗೆ ತಪ್ಪಿದ್ದಲ್ಲ. ಮಳೆ, ಮಣ್ಣು, ದುಡಿಮೆ ಇಬ್ಬರಿಗೂ ಒಂದೇ. ಬೇರೆಯಾದುದು ಕರಾರು ಮಾತ್ರ. 1817ರಲ್ಲಿ ರಿಕಾರ್ಡೊ ಗೇಣಿಯನ್ನು ಕುರಿತು ಗ್ರಂಥಸ್ಥಗೊಳಿಸಿದ ವಿಚಾರದ ಒಂದಂಶವನ್ನು ಚಾಲಗೇಣಿ ಒಕ್ಕಲು ಅನುಭವದಿಂದಲೇ ಕಲಿತಿದ್ದನೆನ್ನಬಹುದು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಈ ಸಂಬಂಧವನ್ನೇ ಕಡಿದುಹಾಕಿತು. ಗೇಣಿಗಿದ್ದ ಭೂಮಿ ಸರಕಾರದಲ್ಲಿ ನಿಹಿತವಾಗಿ, ಒಕ್ಕಲುಗಳು ನ್ಯಾಯಮಂಡಳಿಗಳ ಮೂಲಕ ಹಕ್ಕು ಪಡೆದರು. ಪರರ ಜಾಗದಲ್ಲಿ ವಾಸವಿದ್ದ ಕೃಷಿ ಕೂಲಿಕಾರರಿಗೂ ಮನೆಯ ಅಡಿಸ್ಥಳದ ಹಕ್ಕಿಗೆ ಅವಕಾಶವಾಯಿತು. ಗ್ರಾಮಾಂತರದ ಸರಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗಳನ್ನು ಸಕ್ರಮಗೊಳಿಸುವ 94ಸಿ ವಿಧಿಯು ಭೂಕಂದಾಯ ಕಾನೂನಿಗೆ ಸೇರಿದುದು ಆಮೇಲಿನ ಮಾತು. ಇದರ ಫಲವಾಗಿ ಶಂಕರನಾರಾಯಣ, ಕೊಲ್ಲೂರುಗಳ ಕಡೆಯ ಹಳ್ಳಿಗಳಲ್ಲಿ ಸ್ವಂತ ಮನೆಯಲ್ಲಿ ವಾಸಿಸುವುದೇ ವಾಡಿಕೆ. ಅಂಥ ಕುಟುಂಬಕ್ಕೆ ಮೂಲ ಆದಾಯ ಬಂದರೆ ಅದನ್ನು ಸೆಳೆದುಕೊಳ್ಳಲು ಮನೆಯೊಡೆಯನೆಂಬವನೇ ಇಲ್ಲ.

ಮೊತ್ತದ ಪ್ರಮಾಣವನ್ನೂ ನೋಡಬೇಕು. ಭಾರತ ಸರಕಾರದ 2016-17ರ ಆರ್ಥಿಕ ಸಮೀಕ್ಷೆಯು ತಲೆಗೆ ವರ್ಷಕ್ಕೆ 7,620 ರೂಪಾಯಿಗಳ ಲೆಕ್ಕವನ್ನು ಮುಂದಿಟ್ಟಿತ್ತು. ನಾಲ್ವರ ಕುಟುಂಬಕ್ಕೆ ಇದು ತಿಂಗಳಿಗೆ 2,540 ರೂಪಾಯಿ. ಕರ್ನಾಟಕದಲ್ಲಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭಗೊಂಡ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಗಳನ್ನು ಗೊತ್ತುಪಡಿಸಿತು. ಆದಾಯ ತೆರಿಗೆ ಕೊಡುವ ಕುಟುಂಬಗಳನ್ನು ಅದು ಹೊರಗಿಟ್ಟುದರಿಂದ ಸಾರ್ವತ್ರಿಕವೆನ್ನಲಾಗದು. ಆದರೆ ನಮ್ಮ ಪ್ರಶ್ನೆಗೆ ಇಷ್ಟು ಸಮೀಪವಾದ ಉದಾಹರಣೆ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಪೇಟೆಯ ಮಾತು ಬೇರೆ. ಕುಂದಾಪುರದಲ್ಲಿ ವರ್ಗವಾಗಿ ಬಂದ ಅಧ್ಯಾಪಕರು, ಬ್ಯಾಂಕಿನ ನೌಕರರು, ಉತ್ತರ ಕರ್ನಾಟಕದಿಂದ ಬಂದ ಕಟ್ಟಡ ಕೂಲಿಗಳು, ಗಂಗೊಳ್ಳಿ ಬಂದರಿನ ದುಡಿಮೆಗಾರರು ಬಾಡಿಗೆಗೆ ಇರತಕ್ಕವರು. ಇವರು ಇಂದಿನ ಚಾಲಗೇಣಿ ಒಕ್ಕಲುಗಳು. ಒಂದು ಬೀದಿಯಲ್ಲಿ ಬಾಡಿಗೆಯ ಮನೆ ಹತ್ತು, ಕೇಳುವ ಕುಟುಂಬ ಹನ್ನೆರಡು ಎಂದು ಕಲ್ಪಿಸಿಕೊಳ್ಳೋಣ. ಹನ್ನೆರಡಕ್ಕೂ ಎರಡೆರಡು ಸಾವಿರ ಹೆಚ್ಚು ಬಂದರೂ ಮನೆ ಹತ್ತೇ. ಇಬ್ಬರು ಹೊರಗುಳಿಯಲೇಬೇಕು, ಹೊರಗುಳಿಯದಿರಲು ಅವರು ನಡೆಸುವ ಪೈಪೋಟಿಯೇ ಬಾಡಿಗೆಯನ್ನು ಏರಿಸುವುದು. ಮಹಡಿಯ ಮೇಲೆ ಇನ್ನೆರಡು ಮನೆಗಳನ್ನು ಕಟ್ಟಲು ಅನುಕೂಲವಾದರೆ ಆ ಏರಿಕೆ ಬಹುಮಟ್ಟಿಗೆ ಇಳಿಯುವುದು. ಫ್ರಾನ್ಸಿನಲ್ಲಿ ವಸತಿಯ ಸಹಾಯಧನವು ಒಂದು ಯೂರೋ ಹೆಚ್ಚಿದಾಗ ಬಾಡಿಗೆಯು 78 ಸೆಂಟುಗಳಷ್ಟು ಏರಿತೆಂದು ಗಾಬ್ರಿಯೆಲ್ ಫಾಕ್ 2006ರಲ್ಲಿ ತೋರಿಸಿದರು. ಇದನ್ನು ನಮ್ಮ ವಿಷಯಕ್ಕೆ ಹಾಗೆಯೇ ಅನ್ವಯಿಸುವುದು ಯುಕ್ತವಲ್ಲ. ಆ ಹಣ ಬಾಡಿಗೆಗೆಂದೇ ಕೊಟ್ಟದ್ದು. ಮೂಲ ಆದಾಯವು ಅಕ್ಕಿ, ಮೀನು, ಔಷಧಿ, ಮಗಳ ಫೀಸು ಎಂದು ನಾನಾ ಕಡೆಗೆ ಹಂಚಿಹೋಗುವಂಥದು.

ಹಾಗಾದರೆ ಇಲ್ಲಿ ಹೊಸ ಮನೆ ಏಳುವುದು ಎಷ್ಟು ಸುಲಭ? ನಮ್ಮ ಚಿಂತೆಯೆಲ್ಲ ಇಲ್ಲಿಯೇ. ಪಡುವಲಿಗೆ ಕಡಲು, ಮೂಡಲಿಗೆ ಘಟ್ಟದ ಕಾಡು, ನಡುವೆ ಹೊಳೆಗಳು; ಮರವಂತೆಯಲ್ಲಂತೂ ಕಡಲಿಗೂ ಸೌಪರ್ಣಿಕೆಗೂ ನಡುವೆ ಹೆದ್ದಾರಿಗೆ ಮಾತ್ರ ಎಡೆ ಸಿಕ್ಕಿದಂತೆ ಕಾಣುತ್ತದೆ. ಕರಾವಳಿ ನಿಯಂತ್ರಣ ವಲಯದ ಕಟ್ಟುಪಾಡು ಕಡಲಂಚಿಗೂ ಉಬ್ಬರವಿಳಿತದ ಹೊಳೆಯಂಚಿಗೂ ಉಂಟು. ಬೈಲಗದ್ದೆಯಲ್ಲಿ ಮನೆ ಕಟ್ಟಲು ಭೂಪರಿವರ್ತನೆಯಾಗಬೇಕು. ಗೋಡೆಗೆ ಬೇಕಾದ ಕೆಂಪುಕಲ್ಲು, ಗಾರೆಗೆ ಬೇಕಾದ ಮರಳು ಎರಡೂ ಪರವಾನಗಿಗೆ ಒಳಪಟ್ಟ ವಸ್ತುಗಳು. 2025ರಲ್ಲಿ ಇವುಗಳ ಅಭಾವದಿಂದ ಕರಾವಳಿಯಲ್ಲಿ ಕಟ್ಟಡದ ಕೆಲಸಕ್ಕೆ ಅಡ್ಡಿಯಾದುದನ್ನು ಓದುಗರು ಬಲ್ಲರು. ಪಶ್ಚಿಮ ಕೀನ್ಯದಲ್ಲಿ ಬಡ ಕುಟುಂಬಗಳಿಗೆ ನೇರವಾಗಿ ಹಣ ಕೊಟ್ಟಾಗ ಹಲವರು ಹುಲ್ಲಿನ ಮಾಡನ್ನು ತೆಗೆದು ತಗಡು ಹೊದಿಸಿದರು. ಆ ಪ್ರದೇಶದ ಇನ್ನೊಂದು ಪ್ರಯೋಗದಲ್ಲಿ ಬೆಲೆಗಳ ಸರಾಸರಿ ಏರಿಕೆ ಶೇಕಡಾ 0.1 ಮಾತ್ರವೆಂದು ಕಂಡುಬಂದಿತು. ತಗಡು ಹೊರಗಿನಿಂದ ಬೇಕಾದಷ್ಟು ಬರುವ ಸರಕು. ನಮ್ಮ ಕೆಂಪುಕಲ್ಲು ನೆರೆಯ ಪಾರೆಯಿಂದಲೇ ಬರಬೇಕು. ಆದಕಾರಣ ಸ್ವಂತ ಮನೆಯುಳ್ಳ ಹಳ್ಳಿಯವನು ಬಾಡಿಗೆಯ ಏರಿಕೆಯಿಂದ ಪಾರಾದರೂ, ಮಾಡು ರಿಪೇರಿ ಮಾಡಿಸುವಾಗಲೋ ಮಗನಿಗೆ ಐದು ಸೆಂಟ್ಸ್ ಜಾಗ ಕೊಳ್ಳುವಾಗಲೋ ಅದರ ಬಿಸಿ ಅವನಿಗೂ ತಟ್ಟಬಹುದು. ಹೊಸದಾಗಿ ಬೇರೆ ಸಂಸಾರ ಹೂಡುವ ತರುಣರಿಗೇ ಈ ತೊಂದರೆ ಹೆಚ್ಚೆಂದು ನಮ್ಮ ಅಭಿಪ್ರಾಯ.

ಹೊರಗಿನ ಹಣವು ಜಾಗದ ಮೇಲೆ ಸುರಿಯುವುದು ಈ ತಾಲ್ಲೂಕುಗಳಿಗೆ ಹೊಸತೇನಲ್ಲ. ಮುಂಬಯಿ, ಬೆಂಗಳೂರುಗಳ ಹೋಟೆಲುಗಳಿಂದಲೂ ಕೊಲ್ಲಿ ದೇಶಗಳಿಂದಲೂ ಬಂದ ಗಳಿಕೆ ಊರಲ್ಲಿ ಮನೆಯಾಗಿ ನಿಂತಿದೆ. ಎಷ್ಟೋ ಮನೆಗಳಿಗೆ ಬೀಗ, ಕೀಲಿಕೈ ನೆರೆಮನೆಯಲ್ಲಿ. ಆದರೆ ಆ ಹಣ ಕೆಲವರದು. ಮೂಲ ಆದಾಯ ಎಲ್ಲರದು, ಮೊತ್ತವೂ ಚಿಕ್ಕದು. ಜಾಗದ ಬೆಲೆಯಲ್ಲಿ ಪರ ಊರಿನ ಗಳಿಕೆಯ ಪಾತ್ರವೇ ದೊಡ್ಡದಾಗಿ ಉಳಿಯುವುದು ಸಂಭವನೀಯ. ಬೀಗ ಹಾಕಿದ ಮನೆಗಳಲ್ಲಿ ಕೆಲವಾದರೂ ಬಾಡಿಗೆಗೆ ತೆರೆದರೆ ಒಂದು ಕಲ್ಲನ್ನೂ ಕಡಿಯದೆ ಮನೆಗಳ ಪೂರೈಕೆ ಹೆಚ್ಚುವುದು. ಮೂಲ ಆದಾಯದ ವೆಚ್ಚವನ್ನು ಭೂಮಿಯ ಮೌಲ್ಯದ ಮೇಲಿನ ಕರದಿಂದ ತುಂಬುವುದಾದರೆ, ಒಡೆಯನಿಗೆ ಸೇರಿದ ಏರಿಕೆಯ ಒಂದಂಶ ಬೊಕ್ಕಸಕ್ಕೆ ಹಿಂದಿರುಗುವುದು. ಇಂಥ ಕರವನ್ನು ಹೆನ್ರಿ ಜಾರ್ಜ್ 1879ರಲ್ಲಿಯೇ ಪ್ರತಿಪಾದಿಸಿದ್ದನು.

ಈ ವಿಚಾರವನ್ನು ಪರೀಕ್ಷಿಸುವ ಸಾಮಗ್ರಿ ವಿದ್ಯಾರ್ಥಿಗಳ ಸಮೀಪದಲ್ಲಿಯೇ ಇದೆ. 2023ರ ಆಗಸ್ಟಿಗೆ ಮುಂಚಿನ ಮತ್ತು ಅನಂತರದ ಬಾಡಿಗೆ ಚೀಟಿಗಳನ್ನು ಕುಂದಾಪುರ ಪೇಟೆಯಲ್ಲಿಯೂ ಬ್ರಹ್ಮಾವರದ ಹೆದ್ದಾರಿ ಬದಿಯಲ್ಲಿಯೂ ಬೈಂದೂರಿನಲ್ಲಿಯೂ ಸಂಗ್ರಹಿಸಿ ಹೋಲಿಸಬಹುದು. ಮನೆ ಅದೇ ಆಗಿರಬೇಕು. ಒಕ್ಕಲು ಬದಲಾದ ವರ್ಷವನ್ನು ಪ್ರತ್ಯೇಕವಾಗಿ ಗುರುತಿಸಬೇಕು, ಏಕೆಂದರೆ ಬಾಡಿಗೆ ಸಾಮಾನ್ಯವಾಗಿ ಜಿಗಿಯುವುದು ಆಗಲೇ. ಕಲ್ಲು ಮರಳುಗಳ ಬೆಲೆಯ ಏರಿಳಿತವನ್ನೂ ಜೊತೆಗಿಟ್ಟು ನೋಡದಿದ್ದರೆ, ಗಣಿಯ ಪರವಾನಗಿಯಿಂದಾದ ಏರಿಕೆಯನ್ನು ಯಜಮಾನಿಯ ಎರಡು ಸಾವಿರದ ತಲೆಗೆ ಕಟ್ಟಿದಂತಾದೀತು.