ಅಮ್ಮಿಯ ಹಣ ಯಾವ ಬ್ಯಾಂಕಿಗೆ?

ಕಳೆದ ವರ್ಷ ನಮ್ಮ ಬೀದಿಯಲ್ಲಿ ಚೀಟಿ ನಡೆಸುತ್ತಿದ್ದವರು ಒಂದು ರಾತ್ರಿ ಮನೆ ಖಾಲಿ ಮಾಡಿ ಹೋದರು. ಅಮ್ಮಿ ಬಟ್ಟೆ ಹೊಲಿದು ಕಟ್ಟಿದ್ದ 18,000 ರೂಪಾಯಿಯೂ ಹೋಯಿತು. ಅಂದಿನಿಂದ ಅವರು ಹಣವನ್ನು ಮನೆಯಲ್ಲೇ ಇಡುತ್ತಿದ್ದರು. ಬ್ಯಾಂಕಿಗೆ ಹಾಕಿ ಎಂದರೆ, "ಯಾವ ಬ್ಯಾಂಕಿಗೆ? ಕಾಮರ್ಸ್ ಓದುವವಳು ನೀನೇ ಹೇಳು" ಎಂದರು. ನನಗೆ ತಕ್ಷಣ ಹೇಳಲು ಬರಲಿಲ್ಲ. ಆಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಊರಿನವರೇ ಸೇರಿ ಬ್ಯಾಂಕ್ ಕಟ್ಟುವುದು ನಮ್ಮ ಕರಾವಳಿಗೆ ಹೊಸದಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇತರರನ್ನು ಕೂಡಿಕೊಂಡು ಒಂದು ಬ್ಯಾಂಕ್ ತೆರೆದರು. ಮೊದಲ ದಿನ ಸೇರಿದ್ದು 38 ರೂಪಾಯಿ 13 ಆಣೆ 2 ಪೈ! ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿ ಬೆಳೆದು, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯೂ 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ್ದು. 1928ರಲ್ಲಿ ಅವರು ಪಿಗ್ಮಿ ಶುರುಮಾಡಿದರು. ಏಜೆಂಟರು ಮನೆಗೇ ಬಂದು ದಿನಕ್ಕೆ 2 ಆಣೆಯನ್ನೂ ಪಡೆಯುತ್ತಿದ್ದರು.

ಆ ಬ್ಯಾಂಕುಗಳು ಈಗ ದೊಡ್ಡ ಬ್ಯಾಂಕುಗಳೊಳಗೆ ಸೇರಿಹೋಗಿವೆ. ಊರಿನದು ಎನ್ನಬಹುದಾದದ್ದು ಇಂದು ಮುಖ್ಯವಾಗಿ ಸಹಕಾರಿ ಬ್ಯಾಂಕ್. ಅಲ್ಲಿ ಶೇರು ಪಡೆದವರು ಸದಸ್ಯರು. ಒಂದು ಶೇರಿದ್ದರೂ ನೂರಿದ್ದರೂ ಒಬ್ಬರಿಗೆ ಒಂದೇ ಓಟು. ನಾವಿಟ್ಟ ಠೇವಣಿ ಹೆಚ್ಚಾಗಿ ಸುತ್ತಮುತ್ತಲಿನವರಿಗೇ ಸಾಲವಾಗಿ ಹೋಗುತ್ತದೆ: ಮೀನಿನ ವ್ಯಾಪಾರಿಗೆ, ಗ್ಯಾರೇಜಿನವರಿಗೆ, ಅಮ್ಮಿಯಂತೆ ಹೊಲಿಗೆ ಮೆಷಿನ್ ಕೊಳ್ಳುವವರಿಗೆ. ಕೌಂಟರಿನಲ್ಲಿ ಇರುವವರಿಗೆ ನಮ್ಮ ಗುರುತೂ ಇರುತ್ತದೆ. ನನಗೆ ಇದು ಬಹಳ ಹಿಡಿಸಿತು.

ಆದರೆ ಗುರುತಿನವರು ಎಂಬ ಕಾರಣಕ್ಕೇ ನಾವು ಚೀಟಿಯಲ್ಲಿ ಮೋಸ ಹೋದದ್ದು. ಆದ್ದರಿಂದ ಹಣ ಕೊಡುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಇದು ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಬ್ಯಾಂಕೋ, ಬರೀ ಸೊಸೈಟಿಯೋ? ಬೋರ್ಡು ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ. ವಿಮೆ ಇರುವ ಸಹಕಾರಿ ಬ್ಯಾಂಕು ಮುಳುಗಿದರೆ, ಬಡ್ಡಿಯೂ ಸೇರಿ ಒಬ್ಬರಿಗೆ 5 ಲಕ್ಷ ರೂಪಾಯಿಯವರೆಗೆ ಡಿಐಸಿಜಿಸಿ ಎಂಬ ಸಂಸ್ಥೆ ಕೊಡುತ್ತದೆ. 2020ಕ್ಕೆ ಮೊದಲು ಇದು 1 ಲಕ್ಷ ಮಾತ್ರ ಇತ್ತು. ಪ್ರೀಮಿಯಂ ಕಟ್ಟುವುದು ಬ್ಯಾಂಕು, ನಾವಲ್ಲ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಈ ವಿಮೆ ಇಲ್ಲ. ಅವು ಕೆಟ್ಟವು ಎಂದಲ್ಲ, ಚೆನ್ನಾಗಿ ನಡೆಯುವವೂ ಇವೆ. ಆದರೆ ಅಮ್ಮಿಯ ಹಣ ಇನ್ನೊಮ್ಮೆ ಹೋಗಬಾರದು. ವಿಮೆ ಇರುವ ಬ್ಯಾಂಕುಗಳ ಪಟ್ಟಿ ಡಿಐಸಿಜಿಸಿ ವೆಬ್‌ಸೈಟಿನಲ್ಲಿ ಸಿಗುತ್ತದೆ, ಮೊಬೈಲಿನಲ್ಲೇ ನೋಡಬಹುದು.

ಇನ್ನೊಂದು ಮಾತು. ಸ್ಕಾಲರ್‌ಶಿಪ್ ಬರುವ ಆಧಾರ್ ಜೋಡಿಸಿದ ಖಾತೆಯನ್ನು ಮಾತ್ರ ಯಾರೂ ಮುಚ್ಚಬೇಡಿ. ಅದು ಇದ್ದಲ್ಲೇ ಇರಲಿ, ಉಳಿತಾಯವನ್ನಷ್ಟೇ ಊರಿನ ಬ್ಯಾಂಕಿಗೆ ತನ್ನಿ.

ಪಟ್ಟಿಯಲ್ಲಿ ನಮ್ಮೂರ ಸಹಕಾರಿ ಬ್ಯಾಂಕಿನ ಹೆಸರು ತೋರಿಸಿದಾಗ ಅಮ್ಮಿ ಒಪ್ಪಿದರು. ಆದರೆ ಬಡ್ಡಿಯ ವಿಷಯದಲ್ಲಿ ಅವರದು ಖಡಾಖಂಡಿತ ಮಾತು: ಬಡ್ಡಿ ನಮಗೆ ಬೇಡ, ಬಂದದ್ದನ್ನು ಬೇರೆ ತೆಗೆದು ಕಷ್ಟದಲ್ಲಿರುವವರಿಗೆ ಕೊಡಬೇಕು. ಈಗ ಪಿಗ್ಮಿಯವರು ಸಂಜೆ ಬಂದು ದಿನಕ್ಕೆ 50 ರೂಪಾಯಿ ಪಡೆದು ರಸೀದಿ ಕೊಡುತ್ತಾರೆ. ಬಡ್ಡಿ ಎಷ್ಟಾಯಿತೆಂದು ಬೇರೆ ಪುಸ್ತಕದಲ್ಲಿ ಬರೆದಿಡುವ ಕೆಲಸ ನನ್ನದು.