ಚಿಕ್ಕ ಒಲೆಯ ದೊಡ್ಡ ಬೇಗೆ

ಸೂರ್ಯನ ಒಡಲಿನಲ್ಲಿ ನಡೆಯುವಂತೆ ಪರಮಾಣು ಬೀಜಗಳನ್ನು ಇಲ್ಲಿಯೂ ಬೆಸೆಯಲು ಹತ್ತು ಕೋಟಿ ಡಿಗ್ರಿಯ ಕಾವು ಬೇಕೆಂದು ಕೇಳಿ ಎಲ್ಲರೂ ಬೆರಗಾಗುತ್ತಾರೆ. ನನಗೆ ಅದಕ್ಕಿಂತ ಕಠಿನವಾಗಿ ತೋರುವುದು ಹುಟ್ಟಿದ ಕಾವನ್ನು ಹೊರಕ್ಕೊಯ್ಯುವ ಕೆಲಸ. ರಿಯಾಕ್ಟರು ಚಿಕ್ಕದಾದರೆ ಅಗ್ಗವೆನ್ನುವರು. ಆದರೆ ಅಳತೆಗಳನ್ನು ಅರ್ಧಕ್ಕಿಳಿಸಿ ಶಕ್ತಿಯನ್ನು ಅಷ್ಟೇ ಉಳಿಸಿದರೆ ಒಳಗೋಡೆಯ ಪ್ರತಿ ಚದರ ಮೀಟರಿಗೆ ನಾಲ್ಕು ಪಟ್ಟು ಬೇಗೆ ತಟ್ಟುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯವರು 2015ರಲ್ಲಿ ಪ್ರಕಟಿಸಿದ 'ಆರ್ಕ್' ಎಂಬ ಯೋಜನೆಯನ್ನು ನೋಡೋಣ. ಉರಿಯುವ ಅನಿಲವನ್ನು ಕಾಂತಕ್ಷೇತ್ರ ಹಿಡಿದಿಡುತ್ತದೆ. ಆದರೆ ಶಕ್ತಿಯ ಐದರಲ್ಲಿ ನಾಲ್ಕು ಪಾಲನ್ನು ಹೊತ್ತ ನ್ಯೂಟ್ರಾನುಗಳಿಗೆ ವಿದ್ಯುದಾವೇಶವಿಲ್ಲ. ಅವು ಆ ಬೇಲಿಯನ್ನು ಲೆಕ್ಕಿಸದೆ ಗೋಡೆ ದಾಟುತ್ತವೆ. ಗೋಡೆಯ ಸುತ್ತ ಲಿಥಿಯಂ, ಬೆರಿಲಿಯಂಗಳ ಫ್ಲೋರೈಡ್ ಉಪ್ಪು ಕರಗಿ ಹರಿಯುತ್ತಿರುತ್ತದೆ. ನ್ಯೂಟ್ರಾನುಗಳು ಅದರಲ್ಲಿ ವೇಗ ಕಳೆದುಕೊಂಡು ಅದನ್ನು ಕಾಯಿಸುತ್ತವೆ. ಲಿಥಿಯಮ್ಮಿನಿಂದ ಇಂಧನವಾದ ಟ್ರೀಷಿಯಮ್ಮೂ ಹುಟ್ಟುತ್ತದೆ. ಉಪ್ಪು ಸುಮಾರು 1,430 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯದ ಕಾರಣ, ನೀರಿಗೆ ಬೇಕಾಗುವ ಭಾರಿ ಒತ್ತಡ ಇದಕ್ಕೆ ಬೇಡ. ಇದು ಜಾಣತನವೇ ಸರಿ. ಆದರೆ 460 ಡಿಗ್ರಿಯ ಆಸುಪಾಸಿನಲ್ಲಿ ಅದು ಹೆಪ್ಪುಗಟ್ಟುತ್ತದೆ. ಬೆರಿಲಿಯಂ ವಿಷ ಬೇರೆ!

ಉಪ್ಪಿನಾಚೆಗೆ ಕಾಂತದ ಸುರುಳಿಗಳು, ಸೊನ್ನೆಗಿಂತ 253 ಡಿಗ್ರಿ ಕೆಳಗಿನ ಶೈತ್ಯದಲ್ಲಿ. ಉಳಿದೊಂದು ಪಾಲು ಶಕ್ತಿಯಲ್ಲಿ ಬಹಳಷ್ಟು ಬಂದು ಬೀಳುವುದು ಒಂದು ಇಕ್ಕಟ್ಟಾದ ಪಟ್ಟಿಯ ಮೇಲೆ. ಅದಕ್ಕೆ ಟಂಗ್‌ಸ್ಟನ್ ಹೊದಿಸುವರು. ಅದು 3,422 ಡಿಗ್ರಿಯವರೆಗೆ ಕರಗದ ಲೋಹ. ಆದರೂ ಅದರ ಬೆನ್ನಿಗೆ ತಂಪಿನ ದ್ರವ ಎಡೆಬಿಡದೆ ಹರಿಯುತ್ತಲೇ ಇರಬೇಕು.